ಬೇಸ್‌ಬಾಲ್ ಸಿಮ್ಯುಲೇಶನ್‌ನಲ್ಲಿ ಆಟಗಾರರ ಸುಸ್ತು: ಯಾರಿಗೆ ರಜೆ, ಯಾರಿಗೆ ಆಟ

ಜೂನ್ ಮುಗಿಯುವವರೆಗೆ ನಿಮ್ಮ ತಂಡ ಮೊದಲ ಸ್ಥಾನದಲ್ಲಿ ಆರಾಮಾಗಿ ಕೂತಿರುತ್ತದೆ. ಆಗಸ್ಟ್ ಬಂದ ಕೂಡಲೇ ಕಥೆ ಬದಲಾಗುತ್ತದೆ. ಅದೇ ಆಟಗಾರರು, ಅದೇ ಲೈನಪ್, ಆದರೆ ಸೋಲಿನ ಮೇಲೆ ಸೋಲು. ಹೊಸಬರು ಆಗ ಮಾಡುವ ಮೊದಲ ಕೆಲಸ ಅಂದ್ರೆ ಗಾಬರಿಯಲ್ಲಿ ಯಾರನ್ನೋ ಬೇರೆ ತಂಡಕ್ಕೆ ಕೊಟ್ಟು ಟ್ರೇಡ್ ಮಾಡೋದು. ತಂಡಕ್ಕೆ ಬೇಕಿರುವುದು ಎಷ್ಟೋ ಸಲ ಟ್ರೇಡ್ ಅಲ್ಲ, ಎರಡು ದಿನದ ರಜೆ.

ಈ ಬರಹ ಮುಖ್ಯವಾಗಿ ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಆಡುವವರಿಗೆ. ಜರ್ಮನಿಯ ಮಾರ್ಕಸ್ ಹೈನ್‌ಸೋನ್ ಶುರು ಮಾಡಿದ ಈ ಗೇಮ್ 1999ರಲ್ಲಿ ಮೊದಲು ಬಂತು. ಆಡುವವರೆಲ್ಲ ಇದನ್ನು ಓಓಟಿಪಿ ಅಂತಲೇ ಕರೆಯುತ್ತಾರೆ. ಇಲ್ಲಿ ನೀವು ಬ್ಯಾಟು ಬೀಸುವುದಿಲ್ಲ, ತಂಡ ನಡೆಸುತ್ತೀರಿ. ಮೆನುಗಳ ಹೆಸರು ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಬದಲಾಗುತ್ತದೆ, ಆದರೆ ಸುಸ್ತಿನ ಲೆಕ್ಕ ಹೆಚ್ಚು ಕಡಿಮೆ ಒಂದೇ.

ಕಷ್ಟ ಇರುವುದು ಇಲ್ಲಿ. ಆಟ ಚೆನ್ನಾಗಿರಬೇಕು ಅಂದ್ರೆ ಆಟಗಾರನಿಗೆ ವಿಶ್ರಾಂತಿ ಬೇಕು. ಅದೇ ಆಟಗಾರ ಬೆಳೆಯಬೇಕು ಅಂದ್ರೆ ದಿನಾ ಆಡಬೇಕು. ಎರಡೂ ಎಳೆಯುವುದು ಬೇರೆ ಬೇರೆ ಕಡೆಗೆ. ನನ್ನ ಪ್ರಕಾರ ಇದಕ್ಕೆ ಉತ್ತರ ಸ್ಟಾರ್ ಆಟಗಾರರ ಹತ್ತಿರ ಇಲ್ಲ. ಬೆಂಚಿನ ಮೇಲೆ ಯಾರನ್ನು ಕೂರಿಸಿದ್ದೀರಿ ಅನ್ನುವುದರಲ್ಲಿದೆ.

ಸುಸ್ತು ಕೆಲಸ ಮಾಡುವ ರೀತಿ

ಸುಸ್ತಿನಲ್ಲಿ ಎರಡು ಬಗೆ. ಒಂದು ಫೀಲ್ಡರ್‌ಗಳದ್ದು. ಇದು ನಿಧಾನವಾಗಿ ಸೇರುತ್ತಾ ಹೋಗುತ್ತದೆ. ದಿನಾ ಆಡಿದರೆ ಚೂರು ಚೂರು ಕೂಡುತ್ತದೆ, ರಜೆ ಕೊಟ್ಟರೆ ಇಳಿಯುತ್ತದೆ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಎಲ್ಲರಿಗಿಂತ ಬೇಗ ಬಳಲುತ್ತಾನೆ. ಶಾರ್ಟ್‌ಸ್ಟಾಪ್, ಸೆಂಟರ್ ಫೀಲ್ಡ್ ಮುಂತಾದ ಓಡಾಟದ ಜಾಗಗಳು ಆಮೇಲೆ. ಬರೀ ಬ್ಯಾಟ್ ಮಾಡುವ ಡಿಎಚ್‌ಗೆ ಕಡಿಮೆ.

ಇನ್ನೊಂದು ಚೆಂಡು ಎಸೆಯುವ ಪಿಚರ್‌ಗಳದ್ದು. ಇದು ಒಂದೇ ದಿನದಲ್ಲಿ ಏರಿ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಕ್ರಿಕೆಟ್‌ನಲ್ಲಿ ವೇಗದ ಬೌಲರ್‌ಗಳ ಓವರ್ ಲೆಕ್ಕ ಇಡುತ್ತಾರಲ್ಲ, ಹಾಗೆಯೇ ಇಲ್ಲಿ ಎಸೆತಗಳ ಲೆಕ್ಕ. ಒಂದು ಪಂದ್ಯದಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲ ಅನ್ನುವುದನ್ನು ಸ್ಟ್ಯಾಮಿನಾ ಅನ್ನುವ ಅಂಕ ಹೇಳುತ್ತದೆ.

ಸುಸ್ತಾದವನು ಎರಡು ರೀತಿ ನಷ್ಟ ಮಾಡುತ್ತಾನೆ. ಇವತ್ತು ಕೆಟ್ಟದಾಗಿ ಆಡುತ್ತಾನೆ. ಜೊತೆಗೆ ಗಾಯದ ಅಪಾಯ ಜಾಸ್ತಿಯಾಗುತ್ತದೆ, ಅದರಲ್ಲೂ ಪಿಚರ್‌ಗಳಿಗೆ.

ಬೆಳವಣಿಗೆಯ ವಿಷಯ ಇಷ್ಟು ನೇರ ಅಲ್ಲ. ನಾನು ನೋಡಿದ ಮಟ್ಟಿಗೆ ಸುಸ್ತು ಆಟಗಾರನ ಪ್ರತಿಭೆಯನ್ನು ನೇರವಾಗಿ ತಿನ್ನುವುದಿಲ್ಲ. ಹಿಂಬಾಗಿಲಿನಿಂದ ಬರುತ್ತದೆ. ಬೆಳವಣಿಗೆ ನಿಂತಿರುವುದು ವಯಸ್ಸು, ಆಡಲು ಸಿಗುವ ಅವಕಾಶ, ಕೋಚ್‌ಗಳು, ಆಡುತ್ತಿರುವ ಲೀಗಿನ ಮಟ್ಟ, ಗಾಯಗಳು, ಮತ್ತೆ ಒಂದಿಷ್ಟು ಅದೃಷ್ಟದ ಮೇಲೆ. ಸುಸ್ತಾದವನು ಗಾಯ ಮಾಡಿಕೊಂಡು ಮೂರು ತಿಂಗಳು ಮಲಗಿದರೆ ಆ ಮೂರು ತಿಂಗಳ ಆಟ ಹೋಯಿತು. ಗಾಯ ದೊಡ್ಡದಾದರೆ ಸಾಮರ್ಥ್ಯವೇ ಇಳಿಯಬಹುದು.

ಹಲಗೆಯ ಮೇಲೆ ದಾಳ ಉರುಳಿಸಿ ಆಡುವ ಸ್ಟ್ರ್ಯಾಟ್-ಓ-ಮ್ಯಾಟಿಕ್ 1961ರಿಂದ ಇದೆ. ಅಲ್ಲಿಯೂ ಪಿಚರ್ ಕಾರ್ಡಿನ ಮೇಲೆ ಎಷ್ಟು ಇನ್ನಿಂಗ್ಸ್ ನಂತರ ಬಳಲುತ್ತಾನೆ ಅನ್ನುವ ಸಂಖ್ಯೆ ಇರುತ್ತದೆ. ಕಂಪ್ಯೂಟರ್ ಗೇಮ್‌ಗಳು ಅದೇ ಲೆಕ್ಕವನ್ನು ದಿನದಿಂದ ದಿನಕ್ಕೆ ಹಿಡಿದಿಡುತ್ತವೆ, ಅಷ್ಟೆ.

ಹೆಜ್ಜೆ 1: ಲೀಗ್ ಸೆಟ್ಟಿಂಗ್ ನೋಡಿ

ಫೀಲ್ಡರ್‌ಗಳ ಸುಸ್ತು ಎಷ್ಟಿರಬೇಕು, ಗಾಯಗಳು ಎಷ್ಟು ಆಗಬೇಕು ಅನ್ನುವುದು ಗೇಮ್ ಸೆಟ್ಟಿಂಗ್‌ನಲ್ಲೇ ಇರುತ್ತದೆ. ಬೇರೆಯವರು ನಡೆಸುವ ಆನ್‌ಲೈನ್ ಲೀಗಿಗೆ ಸೇರಿದ್ದರೆ ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಸುಸ್ತು ಕಡಿಮೆ ಇಟ್ಟಿರುವ ಲೀಗಿನಲ್ಲಿ ಕೆಳಗಿನ ಅರ್ಧ ಸಲಹೆ ನಿಮಗೆ ಬೇಕಾಗಲಿಕ್ಕಿಲ್ಲ. ಆಮೇಲೆ ಪ್ರತಿ ಆಟಗಾರನ ಗಾಯದ ಗುಣ ನೋಡಿ. ‘ಐರನ್ ಮ್ಯಾನ್’ ಅಂತ ಇದ್ದವನನ್ನೂ ‘ಫ್ರಜೈಲ್’ ಅಂತ ಇದ್ದವನನ್ನೂ ಒಂದೇ ರೀತಿ ದುಡಿಸುವಂತಿಲ್ಲ.

ಹೆಜ್ಜೆ 2: ಸುಸ್ತೋ, ದುರದೃಷ್ಟವೋ?

ರಜೆ ಕೊಡುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಲೇಬೇಕು. ಬ್ಯಾಟರ್ ಒಬ್ಬ ಹತ್ತು ಪಂದ್ಯದಲ್ಲಿ ನಾಲ್ಕೇ ಹಿಟ್ ಹೊಡೆದ ಅಂದುಕೊಳ್ಳಿ. ಮೊದಲು ಅವನ ಸುಸ್ತಿನ ಕಾಲಂ ನೋಡಿ. ಅವನು ಪೂರ್ತಿ ಫ್ರೆಶ್ ಆಗಿದ್ದರೆ ರಜೆಯಿಂದ ಏನೂ ಆಗುವುದಿಲ್ಲ.

ಆಮೇಲೆ ಬಾಬಿಪ್ ನೋಡಿ. ಹೋಮ್ ರನ್ ಬಿಟ್ಟು, ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು ಅನ್ನುವ ಲೆಕ್ಕ ಅದು. ಲೀಗಿನ ಸರಾಸರಿ ಸಾಮಾನ್ಯವಾಗಿ .300ರ ಆಸುಪಾಸು. ನಿಮ್ಮವನದ್ದು .180 ಇದೆ, ಆದರೆ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟಾಗುವುದು) ಜಾಸ್ತಿ ಆಗಿಲ್ಲ, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಮೊದಲ ಬೇಸ್) ಕಡಿಮೆ ಆಗಿಲ್ಲ ಅಂದ್ರೆ, ಅವನು ಹೊಡೆದ ಚೆಂಡೆಲ್ಲ ಯಾರದ್ದೋ ಕೈಗೆ ಹೋಗಿವೆ ಅಷ್ಟೆ. ಸುಮ್ನೆ ಬಿಡಿ, ಸರಿಹೋಗುತ್ತದೆ. ಸುಸ್ತು ಏರಿದೆ, ಸ್ಟ್ರೈಕ್‌ಔಟ್ ಕೂಡ ಏರಿದೆ ಅಂದ್ರೆ ಮಾತ್ರ ರಜೆಯ ವಿಷಯ ಯೋಚಿಸಿ.

ಇದಕ್ಕಾಗಿ ಒಂದು ಅಭ್ಯಾಸ ಬೇಕು. ಒಂದೇ ಸಲಕ್ಕೆ ಇಡೀ ತಿಂಗಳು ಓಡಿಸಬೇಡಿ. ವಾರಕ್ಕೊಮ್ಮೆ ನಿಲ್ಲಿಸಿ. ತಂಡಕ್ಕೆ ಬಿಡುವಿನ ದಿನ ಬಂದಾಗ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 3: ಕ್ಯಾಚರ್‌ನಿಂದ ಶುರು ಮಾಡಿ

ನಿಮ್ಮ ಹತ್ತಿರ ಹತ್ತೇ ನಿಮಿಷ ಇದ್ದರೆ ಅಷ್ಟನ್ನೂ ಕ್ಯಾಚರ್ ಮೇಲೆ ಹಾಕಿ. ಬೇರೆ ಯಾವ ಜಾಗದಲ್ಲೂ ರಜೆಗೆ ಇಷ್ಟು ಫಲ ಇಲ್ಲ.

ಎರಡು ವಾರದ ವೇಳಾಪಟ್ಟಿ ತೆಗೆದುಕೊಳ್ಳೋಣ. 14 ದಿನಗಳಲ್ಲಿ 13 ಪಂದ್ಯ. ಮುಖ್ಯ ಕ್ಯಾಚರ್‌ಗೆ 10, ಬದಲಿ ಕ್ಯಾಚರ್‌ಗೆ 3. ಇದೇ ಲೆಕ್ಕ ಇಡೀ 162 ಪಂದ್ಯಕ್ಕೆ ಹಿಡಿದರೆ ಮುಖ್ಯ ಕ್ಯಾಚರ್ ಸುಮಾರು 125 ಪಂದ್ಯ ಆಡುತ್ತಾನೆ, ಬದಲಿ 37. ಇದು ಒಳ್ಳೆಯ ಗುರಿ.

ಆ ಮೂರು ಪಂದ್ಯ ಯಾವುವು ಅನ್ನುವುದರಲ್ಲಿ ಜಾಣತನ ಇದೆ. ಒಂದು, ರಾತ್ರಿ ಪಂದ್ಯದ ಮರುದಿನದ ಹಗಲು ಪಂದ್ಯ. ನಿಜವಾದ ಬೇಸ್‌ಬಾಲ್‌ನಲ್ಲಿ ಇದು ಹೆಚ್ಚು ಕಡಿಮೆ ಸಂಪ್ರದಾಯ. ಎರಡು, ನಿಮ್ಮ ಕ್ಯಾಚರ್‌ಗೆ ಆಗದ ಕೈಯ ಪಿಚರ್ ಎದುರಿರುವ ದಿನ. ಬಲಗೈ ಬ್ಯಾಟರ್ ಆಗಿದ್ದರೆ ಕಠಿಣ ಬಲಗೈ ಪಿಚರ್ ಬಂದ ದಿನ ಅಂತ ಇಟ್ಟುಕೊಳ್ಳಿ. ಮೂರು, ನನಗೆ ಜಾಸ್ತಿ ಇಷ್ಟವಾದದ್ದು, ತಂಡದ ಬಿಡುವಿನ ದಿನಕ್ಕೆ ಅಂಟಿಕೊಂಡಿರುವ ಪಂದ್ಯ. ಒಂದು ಪಂದ್ಯ ಬಿಟ್ಟರೆ ಎರಡು ದಿನದ ವಿಶ್ರಾಂತಿ ಸಿಗುತ್ತದೆ.

“ಬದಲಿ ಕ್ಯಾಚರ್ ದಂಡ, ಅವನನ್ನು ಆಡಿಸಿದರೆ ಸೋಲುತ್ತೇವೆ” ಅನ್ನುವವರು ಲೆಕ್ಕ ಹಾಕಿ ನೋಡಲಿ. ಇಬ್ಬರ ನಡುವೆ ಇಡೀ ಸೀಸನ್ನಿಗೆ 2 ಗೆಲುವಿನಷ್ಟು ವ್ಯತ್ಯಾಸ ಇದೆ ಅಂದುಕೊಳ್ಳಿ. 37 ಪಂದ್ಯಕ್ಕೆ ಅದು ಅರ್ಧ ಗೆಲುವಿಗಿಂತಲೂ ಕಡಿಮೆ. ಬಳಲಿದ ಕ್ಯಾಚರ್ ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಕೆಟ್ಟದಾಗಿ ಆಡಿದರೆ ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ.

ಹೆಜ್ಜೆ 4: ಉಳಿದ ಜಾಗಗಳಿಗೆ ಡೆಪ್ತ್ ಚಾರ್ಟ್

ಇಲ್ಲಿ ದಿನಾ ತಲೆ ಕೆಡಿಸಿಕೊಳ್ಳಬೇಕಿಲ್ಲ. ಡೆಪ್ತ್ ಚಾರ್ಟ್‌ನಲ್ಲಿ ಪ್ರತಿ ಜಾಗಕ್ಕೂ ಬದಲಿ ಹೆಸರು ಹಾಕಿ, ಅವನು ಯಾವಾಗ ಆಡಬೇಕು ಅಂತ ಹೇಳಿಬಿಡಬಹುದು. ಮುಖ್ಯ ಆಟಗಾರ ಸುಸ್ತಾದಾಗ ಮಾತ್ರ, ಅಥವಾ ಇಷ್ಟು ಪಂದ್ಯಕ್ಕೊಮ್ಮೆ. ಕ್ಯಾಚರ್‌ಗೆ ಇಷ್ಟು ಪಂದ್ಯಕ್ಕೊಮ್ಮೆ ಅನ್ನುವುದೇ ಸರಿ, ಯಾಕಂದ್ರೆ ಸುಸ್ತಾಗುವವರೆಗೆ ಕಾಯುವುದು ತಡವಾಯಿತು. ಉಳಿದವರಿಗೆ ಸುಸ್ತಾದಾಗ ಅನ್ನುವುದು ಸಾಕು.

ಬದಲಿ ಜಾಗ ಖಾಲಿ ಬಿಟ್ಟರೆ ಯಾರನ್ನು ಆಡಿಸಬೇಕು ಅಂತ ಗೇಮ್ ತಾನೇ ನಿರ್ಧರಿಸುತ್ತದೆ. ಅದರ ಆಯ್ಕೆ ನಿಮಗೆ ಹಿಡಿಸದೇ ಹೋಗಬಹುದು.

2022ರಿಂದ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಸಂಸ್ಥೆ ಎಂಎಲ್‌ಬಿಯ ಎರಡೂ ಲೀಗುಗಳಲ್ಲಿ ಡಿಎಚ್ ಇದೆ. ಅದನ್ನು ಒಬ್ಬನೇ ದಪ್ಪ ಬ್ಯಾಟರ್‌ಗೆ ಬರೆದುಕೊಡಬೇಡಿ. ವಾರಕ್ಕೆ ಎರಡು ದಿನ ಆ ಜಾಗ ಖಾಲಿ ಇಟ್ಟರೆ ಶಾರ್ಟ್‌ಸ್ಟಾಪ್, ಸೆಂಟರ್ ಫೀಲ್ಡರ್‌ಗೆ ಅರ್ಧ ರಜೆ ಕೊಟ್ಟ ಹಾಗೆ. ಅವರ ಬ್ಯಾಟು ಲೈನಪ್‌ನಲ್ಲೇ ಇರುತ್ತದೆ, ಕಾಲಿಗೆ ಮಾತ್ರ ವಿಶ್ರಾಂತಿ.

ಹೆಜ್ಜೆ 5: ಸ್ಟಾರ್ಟರ್‌ಗಳು

ಪಂದ್ಯ ಶುರು ಮಾಡುವ ಪಿಚರ್, ಅಂದ್ರೆ ಸ್ಟಾರ್ಟರ್, ಐದು ಜನ, ಸುಮಾರು 100 ಎಸೆತ, ನಡುವೆ ನಾಲ್ಕು ದಿನದ ವಿಶ್ರಾಂತಿ. ಇದು ಈ ಕಾಲದ ಮಾಮೂಲಿ ಲೆಕ್ಕ. ರೊಟೇಶನ್ ಸೆಟ್ಟಿಂಗ್‌ನಲ್ಲಿ ಸರದಿಯನ್ನು ಕಟ್ಟುನಿಟ್ಟಾಗಿ ಪಾಲಿಸಬಹುದು, ಅಥವಾ ವಿಶ್ರಾಂತಿ ಮುಗಿದಿರುವವರಲ್ಲಿ ಉತ್ತಮನನ್ನು ಇಳಿಸಬಹುದು. ಬಿಡುವಿನ ದಿನಗಳು ಜಾಸ್ತಿ ಇರುವ ಏಪ್ರಿಲ್‌ನಲ್ಲಿ ಎರಡನೆಯದರಿಂದ ನಿಮ್ಮ ಏಸ್‌ಗೆ (ಅತ್ಯುತ್ತಮ ಸ್ಟಾರ್ಟರ್‌ಗೆ) ಹೆಚ್ಚು ಪಂದ್ಯ ಸಿಗುತ್ತದೆ. ಅಮೆರಿಕದ ಬೇಸಿಗೆಯಲ್ಲಿ (ಜೂನ್‌ನಿಂದ ಆಗಸ್ಟ್) ನಾನು ಕಟ್ಟುನಿಟ್ಟಾದ ಸರದಿಗೇ ಬರುತ್ತೇನೆ.

ಪಂದ್ಯದೊಳಗೆ ಎಸೆತದ ಲೆಕ್ಕದಷ್ಟೇ ಮುಖ್ಯವಾದದ್ದು, ಎದುರಾಳಿ ಬ್ಯಾಟರ್‌ಗಳು ಎಷ್ಟನೇ ಸಲ ಬಂದಿದ್ದಾರೆ ಅನ್ನುವುದು. ನಿಜವಾದ ಬೇಸ್‌ಬಾಲ್‌ನಲ್ಲಿ ಲೈನಪ್ ಮೂರನೇ ಸಲ ಬರುವಾಗ ಸ್ಟಾರ್ಟರ್‌ಗಳಿಗೆ ಪೆಟ್ಟು ಜಾಸ್ತಿ. ಸ್ಟ್ಯಾಮಿನಾ ಕಡಿಮೆ ಇರುವ ನಾಲ್ಕನೇ, ಐದನೇ ಸ್ಟಾರ್ಟರ್‌ಗೆ 85 ಎಸೆತದ ಮಿತಿ ಹಾಕಿ ಮರೆತುಬಿಡಿ. ಏಸ್‌ಗೆ ಮಾತ್ರ ಸ್ವಲ್ಪ ಸಡಿಲ. ಆರು ರನ್ ಮುಂದಿದ್ದಾಗ ಏಳನೇ ಇನ್ನಿಂಗ್ಸಿಗೆ ಏಸ್‌ನನ್ನು ಮತ್ತೆ ಕಳಿಸುವುದರಲ್ಲಿ ಲಾಭವೇ ಇಲ್ಲ.

ಹೆಜ್ಜೆ 6: ಬುಲ್‌ಪೆನ್

ಸ್ಟಾರ್ಟರ್ ಆದ ಮೇಲೆ ಬರುವ ಪಿಚರ್‌ಗಳ, ಅಂದ್ರೆ ರಿಲೀವರ್‌ಗಳ, ಗುಂಪೇ ಬುಲ್‌ಪೆನ್. ಸೀಸನ್ ಕೆಡುವುದು ಎಷ್ಟೋ ಸಲ ಇಲ್ಲೇ. ಒಂದು ವಾರವನ್ನು ಹತ್ತಿರದಿಂದ ನೋಡೋಣ.

ಸೋಮವಾರ ನಿಮ್ಮ ಕ್ಲೋಸರ್ (ಕೊನೆಯ ಇನ್ನಿಂಗ್ಸ್ ಮುಗಿಸುವ ರಿಲೀವರ್) 14 ಎಸೆತ ಹಾಕಿದ. ಮಂಗಳವಾರ ಕಷ್ಟಪಟ್ಟು 22. ಬುಧವಾರ ಒಂಬತ್ತನೇ ಇನ್ನಿಂಗ್ಸಿಗೆ ನೀವು ಮೂರು ರನ್ ಮುಂದೆ. ನಿಯಮದ ಪ್ರಕಾರ ಇದು ಸೇವ್ (ಮುನ್ನಡೆ ಕಾಪಾಡಿ ಪಂದ್ಯ ಮುಗಿಸಿದ ರಿಲೀವರ್ ಹೆಸರಿಗೆ ಬರುವ ಅಂಕಿ) ಸಿಗುವ ಸಂದರ್ಭ, ಹಾಗಾಗಿ ಕೈ ತಾನಾಗಿ ಕ್ಲೋಸರ್ ಹೆಸರಿನ ಮೇಲೆ ಹೋಗುತ್ತದೆ. ತಡೆಯಿರಿ. ಮೂರು ರನ್ ಮುಂದಿರುವ ತಂಡ ಒಂಬತ್ತನೇ ಇನ್ನಿಂಗ್ಸನ್ನು ಯಾರನ್ನು ಇಳಿಸಿದರೂ ಬಹುತೇಕ ಗೆಲ್ಲುತ್ತದೆ. ಅಲ್ಲಿ ನಾಲ್ಕನೇ ರಿಲೀವರ್ ಸಾಕು. ಗುರುವಾರ ಒಂದೇ ರನ್ ಮುಂದಿದ್ದಾಗ ಕ್ಲೋಸರ್ ಒಂದು ದಿನದ ವಿಶ್ರಾಂತಿ ಪಡೆದು ಸಿದ್ಧನಿರುತ್ತಾನೆ. ಬುಧವಾರ ಅವನನ್ನು ಖರ್ಚು ಮಾಡಿದ್ದರೆ ಗುರುವಾರ ಕೈಯಲ್ಲಿರುತ್ತಿದ್ದದ್ದು ಮೂರು ದಿನ ಸತತವಾಗಿ ಎಸೆದು ಬಳಲಿದವನು.

ಸೇವ್ ಅನ್ನುವ ಅಂಕಿಯೇ ಜನರ ತಲೆ ಕೆಡಿಸುತ್ತದೆ ಅಂತ ನನ್ನ ಗುಮಾನಿ. ಅದನ್ನು ನೋಡುವುದನ್ನೇ ಬಿಟ್ಟರೆ ಬುಲ್‌ಪೆನ್ ಅರ್ಧ ಸರಿಹೋಗುತ್ತದೆ.

ನಾನು ಪಾಲಿಸುವ ಅಂದಾಜು ಹೀಗಿದೆ. 20 ಎಸೆತದ ಒಳಗಾದರೆ ಮರುದಿನ ಬರಬಹುದು. 30 ದಾಟಿದರೆ ಎರಡು ದಿನ ಮುಟ್ಟುವುದಿಲ್ಲ. ಸತತ ಮೂರು ದಿನ ಯಾರನ್ನೂ ಎಳೆಯುವುದಿಲ್ಲ. ಇದು ಗೇಮಿನ ನಿಯಮ ಅಲ್ಲ, ಬೇಸ್‌ಬಾಲ್‌ನ ರೂಢಿ, ಆದರೆ ಗೇಮಿಗೂ ಚೆನ್ನಾಗಿ ಹೊಂದುತ್ತದೆ.

ಒಬ್ಬ ಲಾಂಗ್ ರಿಲೀವರ್ ಇರಲಿ. ಸ್ಟಾರ್ಟರ್ ಎರಡನೇ ಇನ್ನಿಂಗ್ಸಲ್ಲೇ ಕುಸಿದ ದಿನ, ಸೋತ ಪಂದ್ಯದಲ್ಲಿ ನಾಲ್ಕು ಇನ್ನಿಂಗ್ಸ್ ನುಂಗಿಕೊಂಡು ಉಳಿದವರನ್ನು ಕಾಪಾಡುವುದೇ ಅವನ ಕೆಲಸ. 13ಕ್ಕಿಂತ ಜಾಸ್ತಿ ಪಿಚರ್‌ಗಳನ್ನು 26ರ ತಂಡದಲ್ಲಿ ಇಡುವಂತಿಲ್ಲ. ಅದಕ್ಕೇ ನಿಜವಾದ ತಂಡಗಳು ಕೊನೆಯ ರಿಲೀವರ್‌ನನ್ನು ಮೈನರ್ ಲೀಗುಗಳ ಮೇಲಿನ ಮಟ್ಟವಾದ ಟ್ರಿಪಲ್-ಎಗೆ ಕಳಿಸಿ ಹೊಸ ಕೈ ತರಿಸುತ್ತವೆ. ಈಗಿನ ನಿಯಮದಲ್ಲಿ ಹಾಗೆ ಹೋದ ಪಿಚರ್ ಸಾಮಾನ್ಯವಾಗಿ 15 ದಿನ ಕೆಳಗೇ ಇರಬೇಕು, ಮತ್ತು ಒಬ್ಬನನ್ನು ಸೀಸನ್ನಿಗೆ ಐದೇ ಸಲ ಹೀಗೆ ಕಳಿಸಬಹುದು. ಇದಕ್ಕೆ ಆಪ್ಷನ್ (ಹೀಗೆ ಕೆಳಗೆ ಕಳಿಸುವ ಅವಕಾಶ) ಉಳಿದಿರುವ ಇಬ್ಬರು ಮೂವರು ಸಾಧಾರಣ ರಿಲೀವರ್‌ಗಳು ಸಾಕು. ಭವಿಷ್ಯದ ಸ್ಟಾರ್ ಹುಡುಗನನ್ನು ಇದಕ್ಕೆ ಬಳಸಬೇಡಿ.

ಹೆಜ್ಜೆ 7: ಬೆಂಚಿನ ಮೇಲೆ ಹುಡುಗರನ್ನು ಕೂರಿಸಬೇಡಿ

ಸ್ಟಾರ್‌ಗಳಿಗೆ ರಜೆ ಕೊಡುತ್ತೀರಿ, ಸರಿ. ಆ ಪಂದ್ಯಗಳು ಯಾರಿಗೆ? ಸಹಜವಾಗಿ ಬರುವ ಯೋಚನೆ, “ನಮ್ಮ 20 ವರ್ಷದ ಪ್ರತಿಭಾವಂತ ಹುಡುಗನನ್ನು ಮೇಲೆ ತರೋಣ, ಕಲಿತುಕೊಳ್ಳಲಿ.” ಬೇಡ. ಬೆಂಚಿನ ಮೇಲೆ ಕೂತವನಿಗೆ ಸೀಸನ್ನಿಗೆ 150 ಸಲ ಬ್ಯಾಟಿಂಗ್ ಸಿಕ್ಕರೆ ಪುಣ್ಯ. ಟ್ರಿಪಲ್-ಎಯಲ್ಲಿ ದಿನಾ ಆಡಿದರೆ 500ಕ್ಕೂ ಮೇಲೆ. ಓಓಟಿಪಿಯಲ್ಲಿ ಬೆಳವಣಿಗೆಗೆ ಆಟ ಬೇಕೇ ಬೇಕು.

ಹಾಗಾಗಿ ಬೆಂಚಿಗೆ ಬೇಕಾದವನು ಬೆಳೆದು ಮುಗಿದವನು. 29, 30 ವರ್ಷ, ಮೂರು ನಾಲ್ಕು ಜಾಗದಲ್ಲಿ ನಿಲ್ಲಬಲ್ಲ, ಸಂಬಳ ಕಡಿಮೆ, ಯಾರ ಕಣ್ಣಿಗೂ ಬೀಳದವನು. ಇಂಥ ಯುಟಿಲಿಟಿ ಆಟಗಾರ ಒಬ್ಬನಿದ್ದರೆ ಮೇಲಿನ ಸ್ಟಾರ್‌ಗಳಿಗೆ ರಜೆ, ಕೆಳಗಿನ ಹುಡುಗನಿಗೆ ದಿನಾ ಆಟ. ಚಳಿಗಾಲದಲ್ಲಿ ಎಲ್ಲರೂ ದೊಡ್ಡ ಹೆಸರುಗಳ ಹಿಂದೆ ಓಡುವಾಗ ನೀವು ಇವನನ್ನು ಹುಡುಕಿ.

ಮೈನರ್ ಲೀಗುಗಳಲ್ಲಿ ತೊಂದರೆ ಬೇರೆ. ಒಂದೇ ತಂಡದಲ್ಲಿ ಮೂವರು ಒಳ್ಳೆಯ ಶಾರ್ಟ್‌ಸ್ಟಾಪ್‌ಗಳಿದ್ದರೆ ಯಾರಿಗೂ ಸರಿಯಾಗಿ ಆಟ ಸಿಗುವುದಿಲ್ಲ. ಒಬ್ಬನನ್ನು ಮೇಲಿನ ಮಟ್ಟಕ್ಕೆ, ಇನ್ನೊಬ್ಬನನ್ನು ಎರಡನೇ ಬೇಸಿಗೆ ಕಳಿಸಿ. ಇನ್ನು ಕೆಲವು ತಂಡಗಳಲ್ಲಿ ಕ್ಯಾಚರ್ ಒಬ್ಬನೇ ಇರುತ್ತಾನೆ, ಪಾಪ, ದಿನಾ ಅವನೇ. ಹುಡುಗನೊಬ್ಬ ಕಡ್ಡಾಯವಾಗಿ ಆಡಲೇಬೇಕು ಅಂತ ಹೇಳುವ ಸೌಲಭ್ಯ ಗೇಮಿನಲ್ಲಿದೆ. ಒಳ್ಳೆಯದೇ, ಆದರೆ ಹಾಕಿ ಮರೆಯಬೇಡಿ. ಎರಡು ವಾರಕ್ಕೊಮ್ಮೆ ಅವನ ಸುಸ್ತು ನೋಡಿ.

ಇನ್ನೊಂದು ಮಾತು. ಟ್ರಿಪಲ್-ಎ ಸೀಸನ್ 150 ಪಂದ್ಯ, ಅದರ ಕೆಳಗೆ ಇನ್ನೂ ಕಡಿಮೆ. ಡಬಲ್-ಎಯಿಂದ ನೇರವಾಗಿ ಬಂದ ಹುಡುಗ ಮೊದಲ ವರ್ಷವೇ 160 ಪಂದ್ಯ ಆಡಲಿ ಅಂತ ಹಟ ಹಿಡಿಯಬೇಡಿ.

ಎಳೆಯ ಪಿಚರ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ. ಕಳೆದ ವರ್ಷ 100 ಇನ್ನಿಂಗ್ಸ್ ಎಸೆದವನಿಂದ ಈ ವರ್ಷ 190 ಕೇಳಬೇಡಿ. 130, ಆಮೇಲೆ 160. ಮೈನರ್ ತಂಡದಲ್ಲಿ ಆರು ಸ್ಟಾರ್ಟರ್ ಇಟ್ಟರೆ ಇದು ತಾನಾಗಿ ಆಗುತ್ತದೆ. 2012ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು 159⅓ ಇನ್ನಿಂಗ್ಸಿಗೆ ನಿಲ್ಲಿಸಿತು. ಎರಡು ವರ್ಷ ಹಿಂದೆ ಅವನ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಗಿತ್ತು. 98 ಪಂದ್ಯ ಗೆದ್ದ ತಂಡ ಪ್ಲೇಆಫ್‌ನ ಮೊದಲ ಸರಣಿಯಲ್ಲೇ ಸೋತಿತು, ಜನ ಇವತ್ತಿಗೂ ಬೈಯುತ್ತಾರೆ. ಅದೇ ಸ್ಟ್ರಾಸ್‌ಬರ್ಗ್ 2019ರ ವರ್ಲ್ಡ್ ಸೀರೀಸ್‌ನ ಎಂವಿಪಿ (ಶ್ರೇಷ್ಠ ಆಟಗಾರ). ಮಿತಿ ಹಾಕಿದ್ದು ತಪ್ಪಲ್ಲ ಅಂತಲೇ ನನ್ನ ಅಭಿಪ್ರಾಯ. ತಪ್ಪು ಲೆಕ್ಕದಲ್ಲಿತ್ತು. ಮೇ ತಿಂಗಳಲ್ಲೇ ನಾಲ್ಕೈದು ಸರದಿ ತಪ್ಪಿಸಿದ್ದರೆ ಅಕ್ಟೋಬರ್‌ಗೆ ಇನ್ನಿಂಗ್ಸ್ ಉಳಿಯುತ್ತಿತ್ತು. ಗೇಮಿನಲ್ಲಿ ನಿಮಗೆ ಆ ಅವಕಾಶ ಇದೆ.

ಹೆಜ್ಜೆ 8: ಸೆಪ್ಟೆಂಬರ್

ಸೆಪ್ಟೆಂಬರ್ 1ರಿಂದ ತಂಡ 28ಕ್ಕೆ ಏರುತ್ತದೆ. ಹೆಚ್ಚಿನ ಇಬ್ಬರಲ್ಲಿ ಒಬ್ಬ ರಿಲೀವರ್, ಇನ್ನೊಬ್ಬ ಮೂರನೇ ಕ್ಯಾಚರ್ ಅಥವಾ ಯುಟಿಲಿಟಿ. ಪ್ಲೇಆಫ್ ಖಚಿತವಾದ ದಿನದಿಂದ ಗೆಲುವಿನ ಲೆಕ್ಕ ಬಿಡಿ, ಸುಸ್ತಿನ ಕಾಲಂ ಖಾಲಿ ಮಾಡುವುದೇ ಕೆಲಸ.

1969ರ ಕಬ್ಸ್ ಇಟ್ಟುಕೊಂಡು ಪ್ರಯೋಗ ಮಾಡಿ

ಓಓಟಿಪಿಯಲ್ಲಿ 1871ರಿಂದ ಈಚಿನ ಯಾವ ಸೀಸನ್ ಬೇಕಾದರೂ ಆಡಬಹುದು. ಸುಸ್ತಿನ ಪಾಠಕ್ಕೆ 1969ರ ಶಿಕಾಗೊ ಕಬ್ಸ್‌ಗಿಂತ ಒಳ್ಳೆಯ ತಂಡ ಇಲ್ಲ. ಬೇಸಿಗೆಯಲ್ಲಿ ದೊಡ್ಡ ಅಂತರದಿಂದ ಮುಂದಿದ್ದ ತಂಡ ಸೆಪ್ಟೆಂಬರ್ ಮೊದಲಲ್ಲಿ ಸತತ ಎಂಟು ಪಂದ್ಯ ಸೋತಿತು. ಕೊನೆಗೆ ನ್ಯೂಯಾರ್ಕ್ ಮೆಟ್ಸ್ 100 ಪಂದ್ಯ ಗೆದ್ದು ಎಂಟು ಪಂದ್ಯದ ಅಂತರದಲ್ಲಿ ಮೇಲೆ ನಿಂತಿತು.

ಮ್ಯಾನೇಜರ್ ಲಿಯೊ ಡುರೋಶರ್ ತನ್ನ ಖಾಯಂ ಆಟಗಾರರನ್ನು ಬಿಡದೆ ಆಡಿಸಿದ. ರಾನ್ ಸ್ಯಾಂಟೊ 160 ಪಂದ್ಯ, ಶಾರ್ಟ್‌ಸ್ಟಾಪ್ ಡಾನ್ ಕೆಸಿಂಜರ್ 158, 38 ವರ್ಷದ ಅರ್ನಿ ಬ್ಯಾಂಕ್ಸ್ 155. ಕ್ಯಾಚರ್ ರ‍್ಯಾಂಡಿ ಹಂಡ್ಲಿ 151, ಅದೂ ಹಿಂದಿನ ವರ್ಷ 160 ಪಂದ್ಯದಲ್ಲಿ ಕ್ಯಾಚರ್ ಆಗಿ ನಿಂತ ಮೇಲೆ. ರಿಗ್ಲಿ ಫೀಲ್ಡ್‌ನಲ್ಲಿ 1988ರವರೆಗೆ ದೀಪಗಳೇ ಇರಲಿಲ್ಲ, ತವರಿನ ಪಂದ್ಯವೆಲ್ಲ ಹಗಲು ಬಿಸಿಲಲ್ಲಿ. ಮೆಟ್ಸ್‌ನ ಮ್ಯಾನೇಜರ್ ಗಿಲ್ ಹಾಡ್ಜಸ್ ಹಲವು ಜಾಗಗಳಲ್ಲಿ ಇಬ್ಬಿಬ್ಬರನ್ನು ಸರದಿಯಲ್ಲಿ ಆಡಿಸಿದ. ಅವನ ಕ್ಯಾಚರ್ ಜೆರಿ ಗ್ರೋಟ್ ಆಡಿದ್ದು 113 ಪಂದ್ಯ. ಮೆಟ್ಸ್ ಗೆದ್ದದ್ದಕ್ಕೆ ಟಾಮ್ ಸೀವರ್‌ನ 25 ಗೆಲುವೂ ಕಾರಣ ಅನ್ನುವುದನ್ನು ಮರೆಯುವ ಹಾಗಿಲ್ಲ.

ಸುಸ್ತಿನ ಸೆಟ್ಟಿಂಗ್ ಮಾಮೂಲಿಯಲ್ಲಿ ಇಟ್ಟು ಎರಡು ಲೀಗ್ ಮಾಡಿ. ಒಂದರಲ್ಲಿ ಡುರೋಶರ್ ಹಾಗೆ ಬದಲಿಗಳೇ ಇಲ್ಲದೆ ಓಡಿಸಿ. ಇನ್ನೊಂದರಲ್ಲಿ ಹಂಡ್ಲಿಗೆ 125 ಪಂದ್ಯ, ಬ್ಯಾಂಕ್ಸ್‌ಗೆ 130. ಆಗ ಡಿಎಚ್ ಇರಲಿಲ್ಲ, ಹಾಗಾಗಿ ಅರ್ಧ ರಜೆಯ ಉಪಾಯ ನಡೆಯುವುದಿಲ್ಲ. ಆಗಸ್ಟ್ 15ರ ಮೊದಲಿನ ಮತ್ತು ಆಮೇಲಿನ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಗಾಯದಿಂದ ಕಳೆದ ದಿನಗಳನ್ನೂ ಬರೆದಿಡಿ. ಒಂದು ಸೀಸನ್ ಅದೃಷ್ಟದ ಆಟ, ಅದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಹತ್ತಾರು ಸಲ ಓಡಿಸಿ.

ಹಂಡ್ಲಿಗೆ ಬದಲಿ ಹುಡುಕುವಾಗ ಎರಡು ಹೆಸರು ಸಿಗುತ್ತವೆ. ಒಬ್ಬ 22 ವರ್ಷದ ಕೆನ್ ರುಡಾಲ್ಫ್, ಆ ವರ್ಷವೇ ಮೇಲೆ ಬಂದವನು. ಇನ್ನೊಬ್ಬ 34 ವರ್ಷದ ಜೀನ್ ಆಲಿವರ್. ಬೆಂಚಿಗೆ ಆಲಿವರ್‌ನನ್ನು ಹಾಕಿ. ರುಡಾಲ್ಫ್‌ನನ್ನು ಆಗ ಕಬ್ಸ್‌ನ ಟ್ರಿಪಲ್-ಎ ತಂಡ ಇದ್ದ ಟಕೋಮಾಕ್ಕೆ ಕಳಿಸಿ, ಅಲ್ಲಿ ದಿನಾ ಆಡಲಿ.